ಖುದ್ದಾಗಿ ಪರೀಕ್ಷಿಸಿದ್ದೇನೆ

ಮಹಿಳೆಯರ ಆರೋಗ್ಯ ಸುಧಾರಣೆಯ ಸಮಿತಿಗೆ ನನ್ನನ್ನು ಯಾರೂ ಎಳೆದುಕೊಂಡು ಹೋಗಲಿಲ್ಲ. ನಾನೇ ಹೆಸರು ಕೊಟ್ಟೆ. ಹುಣಸೂರಿನಲ್ಲಿ ಹೆರಿಗೆ ಡಾಕ್ಟರಾಗಿ ಇಪ್ಪತ್ತು ವರ್ಷ ಕಳೆದಿದ್ದೆ. ಮೂವತ್ತರ ಆಸುಪಾಸಿನ ಹೆಂಗಸರು ಗರ್ಭಕೋಶ ತೆಗೆಸಿಕೊಂಡು ಬಂದು ಎದುರು ಕೂರುವುದನ್ನು ನೋಡಿ ನೋಡಿ ರೋಸಿಹೋಗಿತ್ತು. ಬಿಳಿ ಸೆರಗಿಗೆ ಆಪರೇಷನ್, ಸೊಂಟನೋವಿಗೆ ಆಪರೇಷನ್, ಮುಟ್ಟು ಎರಡು ದಿನ ಹೆಚ್ಚಾದರೆ ಅದಕ್ಕೂ ಆಪರೇಷನ್. ‘ಬಿಟ್ಟರೆ ಕ್ಯಾನ್ಸರ್ ಆಗುತ್ತೆ’ ಎಂದು ಒಂದು ಮಾತು ಹೇಳಿದರೆ ಸಾಕು, ಹೆಂಗಸು ತಾನಾಗಿಯೇ ಹೋಗಿ ಟೇಬಲ್ ಮೇಲೆ ಮಲಗುತ್ತಾಳೆ. ಇದನ್ನು ನಿಲ್ಲಿಸಬೇಕೆಂದು ನಮ್ಮ ವೈದ್ಯರ ಸಂಘ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕು ತಾಲ್ಲೂಕಿಗೂ ಸೇರಿಸಿ ಒಂದು ಸಮಿತಿ ಮಾಡಿತು. ಸಂಬಳವಿಲ್ಲ, ಭತ್ಯೆಯಿಲ್ಲ, ಸೇವೆ.

ಮೊದಲ ಸಭೆ ನಡೆದದ್ದು ಮೈಸೂರು ರಸ್ತೆಯ ಹೋಟೆಲೊಂದರ ಏಸಿ ಹಾಲಿನಲ್ಲಿ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ನಗುವ ಹೆಣ್ಣೊಬ್ಬಳ ಮುಖ. ಯಾವುದೋ ಸೋಪಿನ ಜಾಹೀರಾತಿನಿಂದ ಎತ್ತಿಕೊಂಡದ್ದಿರಬೇಕು. ದೀಪ ಹಚ್ಚಿದರು, ಶಾಲು ಹೊದಿಸಿದರು, ಪೇಟ ತೊಡಿಸಿದರು. ಸಮಿತಿಯ ಲಾಂಛನದಲ್ಲಿ ತಾವರೆ ಇರಬೇಕೋ ತಾಯಿ ಮಗು ಇರಬೇಕೋ ಎಂದು ಮುಕ್ಕಾಲು ಗಂಟೆ ಚರ್ಚೆಯಾಯಿತು. ಗರ್ಭಕೋಶದ ಮಾತು ಬಂದದ್ದು ಊಟದ ಹೊತ್ತಿಗೆ. ಗೋಬಿ ಮಂಚೂರಿ ಬಾಯಿಗಿಡುತ್ತಾ ಒಬ್ಬರು “ಎರಡು ಮಕ್ಕಳಾದ ಮೇಲೆ ಅದು ಬರೀ ಲಗೇಜ್ ಕಣ್ರೀ” ಎಂದರು. ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ, ಆದರೆ ತಟ್ಟೆ ಇಟ್ಟು ಎದ್ದು ಬರಲೂ ಇಲ್ಲ.

ಅಂತೂ ಒಂದು ನಿಯಮವಾಯಿತು. ನಲವತ್ತರೊಳಗಿನ ಹೆಂಗಸಿನ ಗರ್ಭಕೋಶ ತೆಗೆಯಬೇಕಾದರೆ ಇನ್ನೊಬ್ಬ ತಜ್ಞರು ಅವಳನ್ನು ನೋಡಿ ಒಪ್ಪಬೇಕು. ಅದಕ್ಕೊಂದು ನಮೂನೆ. ಅದನ್ನು ಬರೆದವಳು ನಾನು. ಕನ್ನಡದಲ್ಲೇ ಇರಬೇಕು, ಹೆಂಗಸರು ಓದಿಕೊಳ್ಳುವಂತಿರಬೇಕು ಎಂದು ಹಟ ಹಿಡಿದವಳೂ ನಾನೇ. ‘ಈ ರೋಗಿಯನ್ನು ನಾನು ಖುದ್ದಾಗಿ ಪರೀಕ್ಷಿಸಿದ್ದೇನೆ. ಗರ್ಭಕೋಶ ತೆಗೆಯುವುದು ಅಗತ್ಯವೆಂದು ಒಪ್ಪುತ್ತೇನೆ.’ ‘ಖುದ್ದಾಗಿ’ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿಸಿದೆ. ಆ ದಿನ ಮನೆಗೆ ಬರುವಾಗ ಏನೋ ಸಾಧಿಸಿದೆನೆಂಬ ಜಂಬ ನನಗಿತ್ತು.

ಎರಡು ತಿಂಗಳು ನಿಯಮ ನಡೆಯಿತು. ಆಮೇಲೆ ತಕರಾರು ಶುರುವಾಯಿತು. ಎಚ್.ಡಿ. ಕೋಟೆಯ ಕಾಡಂಚಿನ ಹೆಂಗಸು ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕಾದರೆ ಎರಡು ಬಸ್ಸು ಬದಲಿಸಬೇಕು, ಒಂದು ದಿನದ ಕೂಲಿ ಹೋಗುತ್ತದೆ ಎಂದರು. ಮಾತು ಸುಳ್ಳಲ್ಲ. ಪರಿಹಾರ ಕಂಡುಹಿಡಿದವರು ಸಮಿತಿಯ ಕಾರ್ಯದರ್ಶಿ. ಸ್ವಂತ ನರ್ಸಿಂಗ್ ಹೋಂ ಇಟ್ಟುಕೊಂಡಿದ್ದ, ನಯವಾಗಿ ಮಾತಾಡುವ ಮನುಷ್ಯ. ಅಂದಿನಿಂದ ಪ್ರತಿ ಸಭೆಯ ಕೊನೆಗೆ, ಕಾಫಿ ಬರುವ ಮುಂಚೆ, ಖಾಲಿ ನಮೂನೆಗಳ ಕಟ್ಟು ಮೇಜಿನ ಸುತ್ತ ಬರತೊಡಗಿತು. ಎಲ್ಲರೂ ಹತ್ತಿಪ್ಪತ್ತು ಹಾಳೆಗೆ ಸಹಿ ಹಾಕಿ, ಸೀಲು ಒತ್ತಿ, ಒಬ್ಬರದನ್ನು ಒಬ್ಬರು ಹಂಚಿಕೊಳ್ಳುವುದು. ಕೇಸು ಬಂದಾಗ ಫೋನಿನಲ್ಲಿ ಕೇಳಿ, ಹೆಸರು ತುಂಬಿಸಿಕೊಂಡರಾಯಿತು.

“ಪೇಷೆಂಟಿಗೇ ಅನುಕೂಲ ಮೇಡಂ, ನಮಗೇನು” ಎಂದರು ಕಾರ್ಯದರ್ಶಿ.

ಮೊದಲ ಸಲ ಫೋನ್ ಮಾಡದೆ ಬಳಸಬೇಡಿ ಎಂದು ಹೇಳಿ ಸಹಿ ಹಾಕಿದೆ. ಎರಡನೇ ಸಲ ಅದನ್ನೂ ಹೇಳಲಿಲ್ಲ. ಫೋನ್ ಒಂದೂ ಬರಲಿಲ್ಲ. ಬರದಿದ್ದುದನ್ನು ಕಂಡು, ಆಪರೇಷನ್‌ಗಳೇ ಕಡಿಮೆಯಾಗಿರಬೇಕು ಎಂದುಕೊಂಡೆ. ಮಂಕುಬೂದಿಯನ್ನು ಬೇರೆಯವರು ಎರಚಬೇಕಾಗಲಿಲ್ಲ, ನಾನೇ ಎರಚಿಕೊಂಡೆ.

ನಮ್ಮ ಕಡೆ ಹೆಂಗಸರು ಕಾಯಿಲೆಗಳನ್ನೆಲ್ಲ ಭತ್ತದ ಕುಯ್ಲು ಮುಗಿಯುವವರೆಗೆ ಮುಂದಕ್ಕೆ ಹಾಕಿರುತ್ತಾರೆ. ಕಣದ ಕೆಲಸ ತೀರಿತೆಂದರೆ ಆಸ್ಪತ್ರೆಗಳು ತುಂಬುತ್ತವೆ. ಅಂಥ ಒಂದು ದಿನ, ನನ್ನಲ್ಲೇ ಹೆರಿಗೆಯಾಗಿದ್ದ ವೀರನಹೊಸಹಳ್ಳಿಯ ಹೆಂಗಸೊಬ್ಬಳು ತನ್ನ ತಂಗಿಯನ್ನು ಕರೆದುಕೊಂಡು ಬಂದಳು. ತಂಗಿಯನ್ನು ಚುಂಚನಕಟ್ಟೆ ಕಡೆಗೆ ಕೊಟ್ಟಿದ್ದರು. ಮೂವತ್ತೊಂದು ವರ್ಷ, ಎರಡು ಮಕ್ಕಳು, ಗದ್ದೆ ಕೆಲಸ. ಮುಂದಿನ ಗುರುವಾರ ಗರ್ಭಕೋಶದ ಆಪರೇಷನ್ ಎಂದು ನಿಗದಿಯಾಗಿತ್ತು. ರಕ್ತಪರೀಕ್ಷೆ ಮಾಡಿಸಿಕೊಂಡು ಬಾ ಎಂದು ನರ್ಸಿಂಗ್ ಹೋಂನವರು ಕೊಟ್ಟಿದ್ದ ಫೈಲು ಪ್ಲಾಸ್ಟಿಕ್ ಕವರಿನಲ್ಲಿತ್ತು.

“ಒಂದ್ಸಲ ನಿಮ್ಗೂ ತೋರ್ಸವ ಅಂತ ನಾನೇ ಎಳ್ಕಂಡ್ ಬಂದೆ ಮೇಡಂ” ಎಂದಳು ಅಕ್ಕ.

ಪರೀಕ್ಷೆ ಮಾಡಿದೆ. ಸ್ಕ್ಯಾನ್ ನೋಡಿದೆ. ಗರ್ಭಕೋಶದಲ್ಲಿ ಏನೇನೂ ಇರಲಿಲ್ಲ. ಇದ್ದದ್ದು ಸೋಂಕು, ಗಂಡ ಹೆಂಡತಿ ಇಬ್ಬರೂ ಎರಡು ವಾರ ಮಾತ್ರೆ ನುಂಗಿದರೆ ಹೋಗುವಂಥದ್ದು. ಸೊಂಟನೋವು ದಿನವಿಡೀ ಬಗ್ಗಿ ನಾಟಿ ಹಾಕುವವರಿಗೆಲ್ಲ ಇರುವುದೇ. ಹಾಗೆಂದೇ ಹೇಳಿ, ಆಪರೇಷನ್ ಖಂಡಿತ ಬೇಡ ಎಂದೆ. ಅಕ್ಕನ ಮುಖ ಅರಳಿತು. ತಂಗಿ ಫೈಲಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು. ನಾನೇ ಬರೆದ ನಮೂನೆ. ಕೆಳಗೆ ನನ್ನ ಸಹಿ, ನನ್ನ ಸೀಲು.

“ಆಚೆ ಬೋರ್ಡಲ್ಲಿರೋ ಎಸ್ರೇ ಇಲ್ಲೂ ಅದೆ. ಇದು ನೀವೇ ಅಲ್ವಾ ಮೇಡಂ?”

ಹೌದು ಎಂದೆ.

ಅವಳು ದಪ್ಪಕ್ಷರದ ಮೇಲೆ ಬೆರಳಿಟ್ಟು ಒಂದೊಂದೇ ಪದ ಬಿಡಿಸಿ ಓದಿದಳು. ಆಮೇಲೆ “ನಾನು ನಿಮ್ ಮಖ ನೋಡ್ತಿರೋದೇ ಇವತ್ತು” ಎಂದಳು.

ಇದ್ದದ್ದನ್ನೆಲ್ಲ ಹೇಳಿದೆ. ಖಾಲಿ ಹಾಳೆಗೆ ಸಹಿ ಹಾಕಿದ್ದು, ಅದನ್ನು ಹಂಚಿದ್ದು, ತಪ್ಪು ನನ್ನದೇ ಎಂಬುದು. ಅವಳು ಪೂರ್ತಿ ಕೇಳಿಸಿಕೊಂಡಳು. ಕೋಪ ಮಾಡಿಕೊಂಡಿದ್ದರೆ ನನಗೆ ಸಲೀಸಾಗುತ್ತಿತ್ತು.

“ಅವತ್ತು ನೋಡ್ದೆ ತಗೀಬೇಕು ಅಂದ್ರಿ. ಇವತ್ತು ನೋಡಿ ಬ್ಯಾಡ ಅಂತೀರಿ. ನಾಳೀಕೆ ಕ್ಯಾನ್ಸರ್ ಆಯ್ತು ಅಂದ್ರೆ ನನ್ ಮಕ್ಳ ಯಾರ್ ನೋಡ್ತಾರೆ? ಆ ಡಾಕ್ಟ್ರು ಮೊದ್ಲಿಂದ್ಲೂ ಒಂದೇ ಮಾತು ಏಳವ್ರೆ.”

ಆ ಹಾಳೆಯನ್ನು ಅವಳೆದುರೇ ಹರಿದು, ಕಾರ್ಯದರ್ಶಿಗೆ ಫೋನ್ ಮಾಡಿದೆ. ಆಪರೇಷನ್ ನಿಗದಿಯಾಗಿದ್ದದ್ದು ಅವರ ನರ್ಸಿಂಗ್ ಹೋಂನಲ್ಲೇ. ಈ ಹೆಂಗಸಿಗೆ ಆಪರೇಷನ್ ಬೇಕಿಲ್ಲ, ನನ್ನ ಸಹಿ ವಾಪಸ್ ತೆಗೆದುಕೊಂಡಿದ್ದೇನೆ ಎಂದೆ. ಅವರಿಗೆ ಬೇಸರವೂ ಆಗಲಿಲ್ಲ.

“ಆಯ್ತು ಬಿಡಿ ಮೇಡಂ, ನಿಮಗೆ ಇಷ್ಟ ಇಲ್ಲ ಅಂದ್ರೆ ಬೇಡ. ಬೇರೆಯವರದು ಇದೆ ನನ್ನ ಹತ್ರ.”

ಡ್ರಾಯರ್ ಎಳೆದ ಸದ್ದು ಫೋನಿನಲ್ಲೇ ಕೇಳಿಸಿತು. ನಾನು ತಿರುಗಿ ನೋಡುವಷ್ಟರಲ್ಲಿ ತಂಗಿ ಫೈಲನ್ನು ಕವರಿಗೆ ಹಾಕಿಕೊಂಡು ಎದ್ದಿದ್ದಳು. ಮಾತ್ರೆ ಚೀಟಿಯನ್ನು ಅಕ್ಕ ತೆಗೆದುಕೊಂಡಳು.

ಗುರುವಾರ ಆಪರೇಷನ್ ಆಯಿತು. ಅಂಡಾಶಯಗಳನ್ನೂ ಸೇರಿಸಿ ತೆಗೆದಿದ್ದರು. ಹೇಗೂ ಹೊಟ್ಟೆ ಕೊಯ್ದಿದ್ದೇವಲ್ಲ, ಅದೂ ಆಗಲಿ ಅಂದರಂತೆ. ಅಕ್ಕ ಬಂದು ಹೇಳಿದಳು.

ಮುಂದಿನ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಕಾರ್ಯದರ್ಶಿ ಆ ಹೆಂಗಸಿನ ಫೈಲನ್ನು ತಾವೇ ಮುಂದೆ ತಳ್ಳಿದರು. ಸಮಿತಿಯ ಅಧ್ಯಕ್ಷರು ತಿರುವಿ ಹಾಕಿ, “ಆಪರೇಷನ್ ಮಾಡಿದವರದು, ಒಪ್ಪಿದವರದು, ಎರಡೂ ಸಹಿ ಸರಿಯಾಗಿದೆಯಲ್ಲ” ಎಂದರು. ಖಾಲಿ ನಮೂನೆಗಳ ವಿಷಯ ನಡಾವಳಿಯಲ್ಲಿ ಬರೆಯಿರಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಬರೆಯೋಣ ಮೇಡಂ. ನಿಮ್ಮ ಸಹಿ ಇರೋ ಹಾಳೆ ಯಾರ್ಯಾರ ಫೈಲಲ್ಲಿ ಕೂತಿದೆ ಅಂತ ನಿಮಗೆ ಗೊತ್ತಾ?”

ಗೊತ್ತಿರಲಿಲ್ಲ. ಕೂತುಬಿಟ್ಟೆ. ಎಲ್ಲರ ಜೊತೆ ಊಟವನ್ನೂ ಮಾಡಿದೆ. ಒಂದು ವಾರ ಬಿಟ್ಟು ವೈಯಕ್ತಿಕ ಕಾರಣವೆಂದು ರಾಜೀನಾಮೆ ಕಳಿಸಿದೆ. ಅದರಲ್ಲೂ ನಿಜ ಬರೆಯುವ ಧೈರ್ಯ ಬರಲಿಲ್ಲ.

ಬೇಸಿಗೆಯಲ್ಲಿ ತಂಗಿ ಮತ್ತೆ ಬಂದಳು, ಒಬ್ಬಳೇ. ಫ್ಯಾನಿನ ಕೆಳಗೆ ಕೂತರೂ ಹಣೆಯಿಂದ ಕತ್ತಿನವರೆಗೆ ಬೆವರು ಇಳಿಯುತ್ತಿತ್ತು. ನಿದ್ದೆಯಿಲ್ಲ, ಮೈಯೆಲ್ಲ ಕೆಂಡ, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ, ಸೊಂಟನೋವು ಹಾಗೇ ಇದೆ ಎಂದಳು. ಅಂಡಾಶಯ ಹೋದದ್ದರಿಂದ, ಮುಟ್ಟು ನಿಲ್ಲುವ ಐವತ್ತರಲ್ಲಿ ಬರಬೇಕಾದದ್ದು ಅವಳಿಗೆ ಮೂವತ್ತೊಂದಕ್ಕೇ ಬಂದು ಕೂತಿತ್ತು. ಅಲ್ಲಿ ಹೋಗಿ ಕೇಳಿದ್ದಕ್ಕೆ ಆಪರೇಷನ್ ಚೆನ್ನಾಗೇ ಆಗಿದೆ ಎಂದು ಹೇಳಿ ಕಳಿಸಿದರಂತೆ. ನಾನು ಬಿ.ಪಿ. ಪಟ್ಟಿ ಸುತ್ತಲು ಕೈ ಚಾಚಿದೆ. ಅವಳು ತೋಳು ಮುಂದೆ ಮಾಡಿ, ಯಾವ ಕೊಂಕೂ ಇಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು:

“ಈಗ ಇನ್ನೇನ್ ತಗೀಬೇಕು ಮೇಡಂ?”