ಮಾವನ ಪಕ್ಕ ಕೂತು ಸೇದಿದ ಚುಟ್ಟ

ತೊಂಬತ್ತರ ದಶಕದಲ್ಲಿ ನಾನು ನಂಜನಗೂಡಿನ ಪಕ್ಕದ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ಮದುವೆಯಾದ ಎರಡನೇ ವರ್ಷವೇ ನನ್ನ ಹೆಂಡತಿ ಜ್ವರ ಬಂದು ತೀರಿಹೋದಳು. ತಿಥಿ ಮುಗಿದ ಮೇಲೂ ರಜೆ ಸಿಕ್ಕಾಗಲೆಲ್ಲ ನಂಜನಗೂಡಿನಿಂದ ಬಸ್ಸು ಹಿಡಿದು ನರಸೀಪುರದಲ್ಲಿದ್ದ ಮಾವನ ಮನೆಗೆ ಹೋಗುತ್ತಿದ್ದೆ. ಏನು ಮಾತಾಡಬೇಕೆಂದು ಇಬ್ಬರಿಗೂ ತೋಚುತ್ತಿರಲಿಲ್ಲ.

ಒಂದು ಸಂಜೆ ಮಾವ ನನ್ನನ್ನು ಹೊಳೆದಂಡೆಗೆ ಕರೆದುಕೊಂಡು ಹೋಗಿ, ಜೇಬಿನಿಂದ ಎರಡು ಚುಟ್ಟ ತೆಗೆದರು. ಸಂತೆಯಲ್ಲಿ ಸಿಗುವ ಅಗ್ಗದವು, ಕಿರುಬೆರಳಿನಷ್ಟು ಸಣ್ಣವು. ಬೀಡಿಯನ್ನೂ ಮುಟ್ಟದ ನಾನು ಹಿಂಜರಿದೆ. ಅವರೇ ಕಡ್ಡಿ ಗೀರಿದರು. ಮೊದಲ ದಮ್ಮಿಗೇ ಕೆಮ್ಮು ಒತ್ತರಿಸಿ ಬಂತು.

“ಒಗೆ ನುಂಗ್ಬ್ಯಾಡ ಕಣಪ್ಪ,” ಎಂದರು. “ಬಾಯಲ್ಲೇ ಸ್ವಲ್ಪ ಇಟ್ಕೊಂಡು ಬುಟ್ಬುಡು. ಅರ್ಜೆಂಟ್ ಮಾಡುದ್ರೆ ಕಹಿಯಾಯ್ತದೆ.”

ನಿಧಾನವಾಗಿ ಎಳೆದೆ. ಸುಟ್ಟ ಬೆಲ್ಲದಂಥ ರುಚಿ ನಾಲಿಗೆಗೆ ಹತ್ತಿತು. ಅವಳು ಹೋದ ಮೇಲೆ ನನಗೆ ಹಿತವೆನಿಸಿದ ಮೊದಲ ರುಚಿ ಅದು. ಆಮೇಲೆ ಹೋದಾಗಲೆಲ್ಲ ಅಲ್ಲೇ ಕೂರುತ್ತಿದ್ದೆವು. ಚುಟ್ಟ ಉರಿಯುವಷ್ಟು ಹೊತ್ತು ಮಾವ ಮಗಳ ಬಗ್ಗೆ ಮಾತಾಡುತ್ತಿದ್ದರು. ಚಿಕ್ಕವಳಿದ್ದಾಗ ಅಂಬಿಗನೊಡನೆ ಜಗಳವಾಡಿ ತಾನೇ ದೋಣಿಗೆ ಹುಟ್ಟು ಹಾಕಿದ್ದನ್ನು ಹೇಳುವಾಗ ನಗುತ್ತಲೂ ಇದ್ದರು.

ಯುಗಾದಿ ಕಳೆದ ಮೇಲೆ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದುಕೊಂಡರು.

“ಇನ್ಮೇಲೆ ಬರಬ್ಯಾಡ ಕಣಪ್ಪ. ನೀನು ಬಾಗ್ಲಿಗೆ ಬಂದಾಗೆಲ್ಲ ನಿನ್ ಬೆನ್ನಿಂದೆ ಅವಳೂ ಬಂದವ್ಳಾ ಅಂತ ಇಣುಕ್ತೀನಿ. ನನ್ ಕೈಲಾಗಕಿಲ್ಲ.”

ನಾನು ತಲೆಯಾಡಿಸಿ ಬಸ್ಸು ಹತ್ತಿದೆ. ಅವರ ಮಾತು ಮೀರಿ ಮತ್ತೆಂದೂ ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ನನ್ನನ್ನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.