ವಾರಂಟು ಹಿಡಿದು ಹೋಗಿ ಕುಸ್ತಿ ಆಡಿ ಬಂದವರು

ನಮ್ಮ ಯಜಮಾನರು ಪೊಲೀಸರೋ ಪೈಲ್ವಾನರೋ ಎಂಬುದು ಮದುವೆಯಾಗಿ ಎಷ್ಟು ವರ್ಷವಾದರೂ ನನಗೆ ಬಗೆಹರಿಯಲಿಲ್ಲ. ಜತ್ತ ಸಂಸ್ಥಾನವಿದ್ದಾಗ ಕುಸ್ತಿ ನೋಡಿಯೇ ಅವರನ್ನು ನೌಕರಿಗೆ ತೆಗೆದುಕೊಂಡಿದ್ದರು. ಸಂಸ್ಥಾನ ಹೋಗಿ ಮುಂಬೈ ಸರ್ಕಾರ ಬಂತು. ಇವರ ತಲೆಯಿಂದ ಗರಡಿ ಮಾತ್ರ ಹೋಗಲಿಲ್ಲ. ಮನೆಯ ಹಾಲೆಲ್ಲ ಅವರ ಹೊಟ್ಟೆಗೆ, ಮಕ್ಕಳಿಗೆ ಬೆಲ್ಲದ ಚಹಾ.

ಆ ವರ್ಷ ಅವರಿಗೆ ಹವಾಲ್ದಾರಿಕೆ ಸಿಗುವುದಿತ್ತು. ಸಿಕ್ಕರೆ ಎರಡು ಕೋಣೆಯ ಕ್ವಾರ್ಟರ್ಸು. ಅತ್ತೆ, ಮೂರು ಮಕ್ಕಳು, ಒಲೆಯ ಹೊಗೆ ಎಲ್ಲವನ್ನೂ ಒಂದೇ ಕೋಣೆಯಲ್ಲಿ ಸಹಿಸಿದ್ದ ನಾನು ದಿನ ಎಣಿಸುತ್ತಿದ್ದೆ.

ಅಷ್ಟರಲ್ಲಿ, ಹೊಲದ ಬದುವಿಗಾಗಿ ಬಡಿದಾಡಿದ ಸೊರಡಿ ಊರಿನ ಒಬ್ಬನನ್ನು ಹಿಡಿದು ತರಲು ಠಾಣೆಯ ಫೌಜದಾರರು ಇವರನ್ನು ಕಳಿಸಿದರು. ಅವನೂ ಪೈಲ್ವಾನನೇ. ಗರಡಿಯಲ್ಲಿ ಮೈಗೆ ಮಣ್ಣು ಹಚ್ಚಿಕೊಂಡು ನಿಂತಿದ್ದನಂತೆ.

"ಕುಸ್ತಿ ಮಣ್ಣ ಮೈಮ್ಯಾಲಿದ್ದಾಗ ಬೇಡಿ ಹಾಕಬಾರದ್ರಿ. ಒಂದ್ ಕೈ ಆಡೂಣ ಬರ್ರಿ, ಆಮ್ಯಾಲ ನಾನ ಬರ್ತೀನಿ" ಎಂದನಂತೆ.

ಇವರು ಟೋಪಿ, ಸೊಂಟದ ಪಟ್ಟಾ ಬಿಚ್ಚಿ ಮೂಲೆಗಿಟ್ಟು ಅಖಾಡಕ್ಕೆ ಇಳಿದೇಬಿಟ್ಟರು! ವಾರಂಟು ಹಿಡಿದು ಹೋದ ಮನುಷ್ಯ! ಇವರೇ ಬೆನ್ನು ಮಣ್ಣಿಗೆ ತಾಗಿ ಚಿತ್ತಾದರು, ಬಲಭುಜದ ಕೀಲು ತಪ್ಪಿತು. ಕೊನೆಗೆ ಆ ಆರೋಪಿಯೇ ಇವರನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು, ತಾನೇ ಎತ್ತು ಹೊಡೆದುಕೊಂಡು ಠಾಣೆಗೆ ಬಂದ.

ಮರುದಿನ ಫೌಜದಾರರು ಮನೆಗೇ ಬಂದು ಒಂದು ಕಾಗದ ಮುಂದಿಟ್ಟರು. ಆರೋಪಿ ಪೊಲೀಸರ ಮೇಲೆ ಕೈಮಾಡಿದನೆಂದು ಇವರು ಸಹಿ ಮಾಡಿಕೊಟ್ಟರೆ ಇವರ ತಪ್ಪು ಮುಚ್ಚಿಹೋಗುತ್ತಿತ್ತು, ಹವಾಲ್ದಾರಿಕೆ ಉಳಿಯುತ್ತಿತ್ತು. ಅವನಿಗೆ ಮಾತ್ರ ಜೈಲು ಇನ್ನಷ್ಟು ಉದ್ದವಾಗುತ್ತಿತ್ತು.

"ಅಂವಾ ನನ್ನ ಹೊಡದಿಲ್ರಿ ಸಾಹೇಬ್ರ. ನಾನ ಇಳದೆ, ನಾನ ಚಿತ್ತಾದೆ" ಎಂದರು ಇವರು.

ನನಗೆ ಪಿತ್ತ ನೆತ್ತಿಗೇರಿತು. "ಅಲ್ರೀ, ಮಕ್ಕಳ ಮಾರಿ ನೋಡಿಯರೆ ಒಪ್ಪಿಗೋರಿ!"

"ಸೋತಾಂವ ಗೆದ್ದಾಂವನ ಮ್ಯಾಲ ಫಿರ್ಯಾದಿ ಕೊಟ್ರ, ಗರಡ್ಯಾಗ ಹ್ಯಾಂಗ ಕಾಲಿಡ್ಲಿ?"

ಮತ್ತೆ ಗರಡಿ! ಫೌಜದಾರರು ಮಸಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು. "ಎಡಗೈ ಹೆಬ್ಬೆಟ್ಟು ಒತ್ತಿದ್ರೂ ನಡೀತದ. ನೀವರೆ ತಿಳಿಸಿ ಹೇಳ್ರಿ" ಎಂದರು.

ನಾನು ಹೇಳಲು ಹೋಗಲಿಲ್ಲ. ಇವರ ಎಡಗೈ ಹಿಡಿದೆಳೆದು ಹೆಬ್ಬೆರಳಿಗೆ ಮಸಿ ಬಳಿದೇಬಿಟ್ಟೆ. ಇವರು ಕೈ ಬಿಡಿಸಿಕೊಳ್ಳಲಿಲ್ಲ. "ನೀ ಒತ್ತಿಸಿದ್ರ ಒತ್ತಸು" ಎಂದು ಕಣ್ಣು ಮುಚ್ಚಿಕೊಂಡರು. ಹೆಬ್ಬೆರಳಿಗೂ ಕಾಗದಕ್ಕೂ ನಡುವೆ ಒಂದೇ ಗೇಣು ಉಳಿದಿತ್ತು. ಈ ಮನುಷ್ಯನನ್ನು ಕಟ್ಟಿಕೊಂಡು ನಾನು ಕೆಟ್ಟೆನಲ್ಲಾ ಎಂದು ಬಾಯಿಗೆ ಬಂದಂತೆ ಬೈಯುತ್ತ, ಆ ಮಸಿಯನ್ನು ನನ್ನ ಸೆರಗಿನಿಂದಲೇ ಒರೆಸಿದೆ.

ಹವಾಲ್ದಾರಿಕೆ ಇನ್ನೊಬ್ಬರಿಗೆ ಹೋಯಿತು. ಆಮೇಲೆ ಎಷ್ಟೋ ವರ್ಷ ನಾನು ಬೈಯುವುದನ್ನು ಬಿಡಲಿಲ್ಲ. ಅವರು ಮಾತ್ರ ಒಂದು ದಿನವೂ ತಿರುಗಿ ಮಾತಾಡಲಿಲ್ಲ.