ಕುದುರೆ ಮನೆಯ ಕಾಲಾಳು

ಸೋತ ಆಟಗಳು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಸೋತವನು ತನ್ನನ್ನು ತಾನೇ ಬಯ್ದುಕೊಂಡು ಬಸ್ಸು ಹತ್ತಿ ಮನೆಗೆ ಬರಬಹುದು. ಗೆಲ್ಲಬೇಕಾಗಿದ್ದನ್ನು ಡ್ರಾ ಮಾಡಿಕೊಂಡ ಆಟವಿದೆಯಲ್ಲ, ಅದು ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಮಾವಿನ ನಾರು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಅಂಥ ಒಂದು ಡ್ರಾ ನನ್ನ ನೆಮ್ಮದಿ ಕೆಡಿಸಿತು.

ಆಗ ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿದ್ದೆ. ವಾರಕ್ಕೊಂದು ಹೊಸ ಶೆಡ್ಡು ಏಳುತ್ತಿದ್ದ ಕಾಲ. ಆರು ದಿನ ಶಿಫ್ಟು, ಭಾನುವಾರ ಬೆಳಿಗ್ಗೆ ರಾಮನಗರದ ಚೆಸ್ ಕ್ಲಬ್ಬು. ಕ್ಲಬ್ಬೆಂದರೆ ರಸಗೊಬ್ಬರದ ಅಂಗಡಿಯ ಮೇಲಿನ ಒಂದು ಕೋಣೆ, ಆರು ಮೇಜು, ಅದರಲ್ಲಿ ಒಂದರ ಕಾಲಿಗೆ ಕಾಗದ ಮಡಚಿ ಇಟ್ಟಿದ್ದರು. ಅಲ್ಲಿ ನನಗೆ ಸಿಕ್ಕ ಗೆಳೆಯ ಚನ್ನಪಟ್ಟಣದವನು, ಮರದ ಆಟಿಕೆ ಕಡೆಯುವವನು. ನಮ್ಮ ಕ್ಲಬ್ಬಿನ ಕಾಯಿಗಳನ್ನೆಲ್ಲ ಅವನೇ ಲೇತಿನಲ್ಲಿ ಕಡೆದು ಅರಗಿನ ಬಣ್ಣ ಹಾಕಿ ತಂದುಕೊಟ್ಟಿದ್ದ. ಆಡಿದ ಆಟಗಳನ್ನೆಲ್ಲ ನಾವಿಬ್ಬರೂ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆವು. ಆಮೇಲೆ ಒಂದೊಂದೇ ನಡೆ ಇಟ್ಟು, ಎಲ್ಲಿ ಎಡವಿದೆವು ಎಂದು ಜಗಳ ಆಡುತ್ತಿದ್ದೆವು. ನಿಜ ಹೇಳಬೇಕೆಂದರೆ ಆಟಕ್ಕಿಂತ ಆ ಜಗಳವೇ ನಮಗೆ ಇಷ್ಟ.

ಆ ವರ್ಷ ಜಿಲ್ಲಾ ಟೂರ್ನಮೆಂಟಿನಲ್ಲಿ ಮೊದಲ ನಾಲ್ವರು ರಾಜ್ಯ ಮಟ್ಟಕ್ಕೆ ಹೋಗಬೇಕಿತ್ತು. ಇಬ್ಬರೂ ಜೊತೆಯಲ್ಲಿ ಹೋಗೋಣ ಎಂದು ಹಿಂದಿನ ವರ್ಷದಿಂದಲೇ ಕನಸು ಕಟ್ಟಿದ್ದೆವು. ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ನನ್ನ ಜಾಗ ಗಟ್ಟಿಯಾಗಿತ್ತು. ಅವನಿಗೆ ಇನ್ನೂ ಅರ್ಧ ಪಾಯಿಂಟು, ಅಂದರೆ ಒಂದು ಡ್ರಾ ಬೇಕಿತ್ತು. ಆ ಸುತ್ತಿನಲ್ಲಿ ಅವನಿಗೆ ಎದುರಾಗಿ ಬಿದ್ದವನು ನಾನೇ.

ಬಿಟ್ಟುಕೊಡುವ ಯೋಚನೆ ನನಗಿರಲಿಲ್ಲ ಎಂದೇ ಅಂದುಕೊಂಡಿದ್ದೆ. ಗಟ್ಟಿಯಾಗಿಯೇ ಆಡಿದೆ. ಮೂವತ್ತು ನಡೆ ಕಳೆದ ಮೇಲೆ ಅವನ ಒಂಟೆ ನನ್ನ ಕುದುರೆಯನ್ನು ಹೊಡೆಯಿತು. ಆ ಒಂಟೆಯನ್ನು ನಾನು ಎರಡು ರೀತಿಯಲ್ಲಿ ಹೊಡೆಯಬಹುದಿತ್ತು, ಆನೆಯಿಂದ ಇಲ್ಲವೇ ಪಕ್ಕದ ಕಾಲಾಳಿನಿಂದ. ಆನೆಯಿಂದ ಹೊಡೆದೆ. ಕಾವಲಿಲ್ಲದೆ ನಿಂತಿದ್ದ ನನ್ನ ಕಾಲಾಳನ್ನು ಅವನ ಆನೆ ನುಂಗಿತು. ಲೆಕ್ಕ ಸಮವಾಯಿತು. ಸ್ವಲ್ಪ ಹೊತ್ತಿಗೆ ಡ್ರಾ ಎಂದು ಕೈ ಕುಲುಕಿದೆವು. ಅವನೂ ನಾಲ್ವರ ತಂಡಕ್ಕೆ ಬಂದ.

ಸುತ್ತ ನಿಂತಿದ್ದವರು ಕಾಯಿಗಳನ್ನು ಹಿಂದಕ್ಕೆ ಜೋಡಿಸಿ ನೋಡಿದರು. ಕಾಲಾಳಿನಿಂದ ಹೊಡೆದಿದ್ದರೆ ಅದು ಕೊನೆಯ ಮನೆಗೆ ಎರಡೇ ಹೆಜ್ಜೆ ದೂರದಲ್ಲಿರುತ್ತಿತ್ತು. ಹಿಂದೆ ನನ್ನ ಆನೆಯ ಕಾವಲು. ಹೋಗಿ ಮಂತ್ರಿಯಾಗುವುದನ್ನು ತಡೆಯುವವರೇ ಇರಲಿಲ್ಲ. ಯಾರೋ ಸುಮ್ಮನೆ ನಕ್ಕರು. ಇನ್ನೊಬ್ಬರು, ಗೆಳೆತನ ದೊಡ್ಡದು ಬಿಡಿ ಎಂದರು. ಗೆಳೆಯನ ಮುಖ ಸಣ್ಣಗಾಯಿತು. ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದು ಕೇಳಿದ:

"ನಿಜ ಏಳ್ಲಾ. ಬುಟ್ಕೊಟ್ಟಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿಗೆ ಇಲ್ಲ ಎಂಬ ಮಾತು ಬರಲಿಲ್ಲ, ಸಿಟ್ಟು ಬಂತು. ತಲೆ ಕೆಟ್ಟಿದೆಯೇನೋ ನಿನಗೆ ಎಂದು ಕೂಗಾಡಿ ಕನಕಪುರದ ಬಸ್ಸು ಹತ್ತಿಬಿಟ್ಟೆ. ಸಿಟ್ಟು ಬಂದದ್ದು ಅವನ ಮೇಲಲ್ಲ. ಅಷ್ಟು ಸುಲಭದ ನಡೆ ನನಗೇಕೆ ಕಾಣಲಿಲ್ಲ ಎಂಬುದು ನನಗೇ ಗೊತ್ತಿರಲಿಲ್ಲ. ಒಳಗೊಳಗೇ ಬಿಟ್ಟುಕೊಟ್ಟೆನೇ? ಹಾಗಿದ್ದರೆ ಇಲ್ಲ ಎಂದು ಯಾವ ಬಾಯಲ್ಲಿ ಹೇಳಲಿ?

ಆಮೇಲೆ ಶುರುವಾಯಿತು ನನ್ನ ಹುಚ್ಚು. ಕಾರ್ಖಾನೆಯ ಬಸ್ಸಿನಲ್ಲಿ ತೊಡೆಯ ಮೇಲೆ ಅಯಸ್ಕಾಂತದ ಪುಟ್ಟ ಬೋರ್ಡು. ಕ್ಯಾಂಟೀನಿನಲ್ಲಿ ಮುದ್ದೆ ಆರುತ್ತಿದ್ದರೂ ಕಣ್ಣು ಮಾತ್ರ ಅರವತ್ನಾಲ್ಕು ಮನೆಗಳ ಮೇಲೆ. ಸೈಬರ್ ಸೆಂಟರಿಗೆ ಹೋಗಿ ಕಂಪ್ಯೂಟರಿಗೆ ಆ ಸ್ಥಿತಿ ಕೊಟ್ಟರೆ ಅದು ಕಣ್ಣು ಮಿಟುಕಿಸುವುದರೊಳಗೆ ಕಾಲಾಳು ಎಂದಿತು. ಎಲ್ಲರಿಗೂ ಗೊತ್ತಿದ್ದದ್ದೇ. ನಾನೇಕೆ ಹಾಗೆ ಆಡಲಿಲ್ಲ ಎಂಬುದು ಆ ಪೆಟ್ಟಿಗೆಗೆ ಹೇಗೆ ಗೊತ್ತಾಗಬೇಕು? ಭಾನುವಾರಗಳಲ್ಲಿ ಕ್ಲಬ್ಬಿಗೆ ಹೋದೆ, ಗೆಳೆಯ ಬರಲಿಲ್ಲ. ಒಬ್ಬನೇ ಎರಡೂ ಕಡೆಯಿಂದ ಆಡಿದೆ. ಕಾರಣ ಸಿಕ್ಕಿದ ಮೇಲೆಯೇ ಅವನ ಮುಖ ನೋಡುವುದು ಎಂದು ಹಟ ಹಿಡಿದೆ. ನಿದ್ದೆ ಕೆಟ್ಟಿತು, ಊಟ ಕೆಟ್ಟಿತು, ಮೇಸ್ತ್ರಿಯ ಹತ್ತಿರ ಬೈಸಿಕೊಂಡೆ.

ಮೂರನೆಯ ಭಾನುವಾರ ಮಧ್ಯಾಹ್ನ ಮನೆಗೆ ಬಂದು ಜಗಲಿಯ ಮೇಲೆ ಅದೇ ಸ್ಥಿತಿ ಹರಡಿಕೊಂಡು ಕೂತಿದ್ದೆ. ಅವ್ವ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಕೈ ಒರೆಸಿಕೊಳ್ಳುತ್ತ ಬಂದಳು. ನನಗೆ ಈ ಆಟ ಕಲಿಸಿದವಳೇ ಅವಳು. ತನ್ನ ಅಣ್ಣಂದಿರ ಜೊತೆ ಆಡಿ ಬೆಳೆದವಳು, ಕ್ಲಬ್ಬಿನ ನಮ್ಮ ಜಂಬವನ್ನೆಲ್ಲ ಲೆಕ್ಕಕ್ಕೇ ಇಟ್ಟವಳಲ್ಲ. ಸೊಂಟದ ಮೇಲೆ ಕೈ ಇಟ್ಟು ಬೋರ್ಡು ನೋಡಿದಳು. ಒಂಟೆಯನ್ನು ಯಾವುದರಲ್ಲಿ ಹೊಡೆಯಲಿ ಎಂದು ಕೇಳಿದೆ.

"ಆನೇಲೇ ಒಡಿ. ಆ ಕಾಲಾಳು ಓಗಾದು ಕುದ್ರೆ ಮನೇಗ್ ತಾನೆ? ಕುದ್ರೆ ಆಗಿ ಏನ್ ಉದ್ದಾರ ಮಾಡ್ತದೆ?"

ಆಗ ನನಗೆ ಹೊಳೆಯಿತು. ನಮ್ಮ ಮನೆಗಳ ಆಟದಲ್ಲಿ ನಿಯಮ ಬೇರೆ. ಕಾಲಾಳು ಕೊನೆಯ ಸಾಲಿಗೆ ಹೋದರೆ, ಆಟದ ಮೊದಲಿಗೆ ಆ ಮನೆಯಲ್ಲಿ ಯಾವ ಕಾಯಿ ನಿಂತಿರುತ್ತದೋ ಅದೇ ಆಗುತ್ತದೆ. ಆನೆ ಮನೆಗೆ ಹೋದದ್ದು ಆನೆ, ಕುದುರೆ ಮನೆಗೆ ಹೋದದ್ದು ಬರೀ ಕುದುರೆ. ಟೂರ್ನಮೆಂಟಿನಲ್ಲಿ ಯಾವ ಮನೆಗೆ ಹೋದರೂ ಮಂತ್ರಿ. ಕ್ಲಬ್ಬಿಗೆ ಸೇರಿದ ಮೊದಲ ವಾರವೇ ಅದನ್ನು ಕಲಿತಿದ್ದೆ, ಎಷ್ಟೋ ಸಲ ಮಂತ್ರಿ ಮಾಡಿಯೂ ಇದ್ದೆ. ಒಳಗೆ ಓಡಿ ಹಳೆಯ ನೋಟುಬುಕ್ಕುಗಳನ್ನೆಲ್ಲ ತೆಗೆದೆ. ಆಟದ ಮೇಲೆ ಆಟ, ಆನೆ ಮನೆಯ ಕಡೆಗೆ ನಡೆಯುವ ಕಾಲಾಳನ್ನು ಹೆತ್ತ ಮಗುವಿನ ಹಾಗೆ ನೋಡಿಕೊಂಡಿದ್ದೇನೆ, ಕುದುರೆ ಮನೆಯ ಕಡೆ ಹೋಗುವುದನ್ನು ಬೀದಿಯಲ್ಲಿ ಬಿಟ್ಟಿದ್ದೇನೆ. ಇಷ್ಟು ವರ್ಷ ಕುಳಿತು ತಪ್ಪು ಹುಡುಕಿದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಾಗಾದರೆ ಬಿಟ್ಟುಕೊಟ್ಟಿಲ್ಲ. ನಿಜವಾಗಿಯೂ ಕಂಡಿರಲಿಲ್ಲ. ಅವತ್ತು ನನಗಾದ ಸಂತೋಷವನ್ನು ಗೆದ್ದಾಗಲೂ ಕಂಡಿರಲಿಲ್ಲ.

ಮರುದಿನ ರಜೆ ಹಾಕಿ ಬೆಳಿಗ್ಗೆಯೇ ಚನ್ನಪಟ್ಟಣಕ್ಕೆ ಹೋದೆ. ಗೆಳೆಯ ಲೇತಿನ ಮುಂದೆ ಕೂತು ಮಕ್ಕಳ ಗಿಲಕಿಗೆ ಹಳದಿ ಅರಗು ಹಿಡಿದಿದ್ದ. ನನ್ನನ್ನು ನೋಡಿಯೂ ಮೆಷಿನ್ ನಿಲ್ಲಿಸಲಿಲ್ಲ. ಆ ಸದ್ದಿನ ಮೇಲೆಯೇ ನಾನು ಎಲ್ಲ ಹೇಳಿದೆ. ಅವ್ವ ಹೇಳಿದ್ದು, ನೋಟುಬುಕ್ಕಿನಲ್ಲಿ ಕಂಡದ್ದು, ಕುದುರೆ ಮನೆ. ಅರ್ಧಕ್ಕೆ ಬರುವಷ್ಟರಲ್ಲಿ ಮೆಷಿನ್ ನಿಂತಿತು.

"ನಾನೂ ಅಂಗೇ ಎಣಿಸ್ಕೊಂಡಿದ್ದೆ ಕಣ್ಲಾ," ಎಂದ. "ನಮ್ ತಾತ ಕಲ್ಸಿದ್ದೂ ಅದೇಯ. ಕಾಲಾಳಲ್ಲಿ ಒಡುದ್ರೂ ಕುದ್ರೆ ತಾನೆ ಆಗಾದು ಅಂತ್ಲೇ ನಾನು ಒಂಟೆ ಕೊಟ್ಟಿದ್ದು."

ಇಬ್ಬರೂ ನಕ್ಕೆವು. ಜಿಲ್ಲೆಯ ನಾಲ್ವರಲ್ಲಿ ಇಬ್ಬರು ಎಂಥಾ ದಡ್ಡರು ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ, ರಾಜ್ಯ ಮಟ್ಟಕ್ಕೆ ಯಾವ ದಿನ ಹೊರಡೋಣ ಎಂದು ಕೇಳಿದೆ. ಅವನು ಗಿಲಕಿಯನ್ನು ಬಟ್ಟೆಯಲ್ಲಿ ಒರೆಸತೊಡಗಿದ.

"ನಾನು ಬರಾಕಿಲ್ಲ. ಶುಕ್ರವಾರನೇ ಎಸ್ರು ತೆಗುಸ್ಬುಟ್ಟೆ. ಬುಟ್ಕೊಟ್ಟಿರೋ ಜಾಗದಲ್ಲಿ ಎಂಗ್ಲಾ ಓಗಿ ಕೂತ್ಕೊಳ್ಳಾದು?"

ಅಲ್ಲಿಂದಲೇ ಕ್ಲಬ್ಬಿನ ಕಾರ್ಯದರ್ಶಿಗೆ ಫೋನು ಮಾಡಿದೆ. ಪಟ್ಟಿ ಹೋಗಿಯಾಗಿದೆ, ಐದನೆಯವನ ಹೆಸರು ಸೇರಿಸಿದ್ದಾರೆ, ಇನ್ನು ಬದಲಾಗದು ಎಂದರು. ನಾನು ಬೇಡಿಕೊಂಡೆ, ಆಮೇಲೆ ಜಗಳವಾಡಿದೆ. ಅವರು ಫೋನು ಇಟ್ಟರು. ಗೆಳೆಯ ನನ್ನ ಮುಖವನ್ನೂ ನೋಡದೆ, ಹೋಗಲಿ ಬಿಡು, ಚೆನ್ನಾಗಿ ಆಡು ಎಂದು ಮತ್ತೆ ಮೆಷಿನ್ ಹಚ್ಚಿದ.

ಆ ಆಟದ ಒಂದೊಂದು ನಡೆಯೂ ನನಗೆ ಇವತ್ತಿಗೂ ಬಾಯಿಪಾಠ. ನಾನು ಕಳೆದುಕೊಂಡ ಅವಕಾಶ ಅದರಲ್ಲಿ ಎಲ್ಲೂ ಇಲ್ಲ. ಮೂರು ಭಾನುವಾರ ರಾಮನಗರದಲ್ಲಿ ಕೂತು ಕಾರಣ ಹುಡುಕಿದೆ. ಅಲ್ಲಿಂದ ಅವನ ಮನೆಗೆ ಬಸ್ಸಿನಲ್ಲಿ ಅರ್ಧ ಗಂಟೆ.